ಊರಿಗೊಬ್ಬ ಮುಲ್ಲರ್, ದೇಶದ ತುಂಬ ಮುಲ್ಲರ್

ಮಂಗಳೂರಿನ ಸಿಟಿ ಬಸ್ಸು ಕಂಕನಾಡಿ ಹತ್ತಿರ ಬರುತ್ತಿದ್ದಂತೆ ಕಂಡಕ್ಟರ್ ಬಾಗಿಲ ಕಂಬಿ ಹಿಡಿದು ಹೊರಗೆ ಬಾಗಿ ಕೂಗುತ್ತಾನೆ: "ಮುಲ್ಲರ್ ಮುಲ್ಲರ್... ಮುಲ್ಲರ್ ಜಪ್ಪುಲೆ (ಇಳಿಯಿರಿ)!" ಎಕ್ಸ್‌ರೇ ಕವರು ಹಿಡಿದವರು, ಗಂಜಿಯ ಫ್ಲಾಸ್ಕು ಹಿಡಿದವರು, ನರ್ಸಿಂಗ್ ಓದುವ ಹುಡುಗಿಯರು ಗುಂಪಾಗಿ ಇಳಿಯುತ್ತಾರೆ. ಅಗಸ್ಟಸ್ ಮುಲ್ಲರ್ ಎಂಬ ಜರ್ಮನ್ ಜೆಸ್ವಿಟ್ ಪಾದ್ರಿ 1880ರಲ್ಲಿ ಇಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಕೊಡಲು ಶುರುಮಾಡಿದರು. ಅದು ಬೆಳೆದು ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆಯಾಯಿತು. ಚಿಕ್ಕಂದಿನಲ್ಲಿ ನಾನು ಮುಲ್ಲರ್ ಅಂದರೆ ಆ ಜಾಗದ ಹೆಸರು ಅಂದುಕೊಂಡಿದ್ದೆ, ಪಂಪ್‌ವೆಲ್, ಬೆಂದೂರ್‌ವೆಲ್ ಇದ್ದ ಹಾಗೆ.

ಆಮೇಲೆ ಶಾಲೆಯ ಪುಸ್ತಕದಲ್ಲಿ ಋಗ್ವೇದ ಅಚ್ಚುಹಾಕಿಸಿದ ಮ್ಯಾಕ್ಸ್ ಮುಲ್ಲರ್ ಸಿಕ್ಕರು. ವಿಶ್ವಕಪ್ ಫುಟ್‌ಬಾಲ್ ನೋಡುವಾಗ ಥಾಮಸ್ ಮುಲ್ಲರ್ ಸಿಕ್ಕ. ಅವನಿಗಿಂತ ಮೊದಲು ಗೆರ್ಡ್ ಮುಲ್ಲರ್ ಎಂಬ ಇನ್ನೊಬ್ಬನಿದ್ದ, ಅವನೂ ವಿಶ್ವಕಪ್ಪಿನಲ್ಲಿ 13ನೇ ನಂಬರಿನ ಅಂಗಿಯನ್ನೇ ತೊಟ್ಟಿದ್ದ ಎಂದು ಗೊತ್ತಾಯಿತು. ಅಪ್ಪ ಮಗ ಇರಬೇಕು ಅನ್ನಿಸಿದ್ದು ಸಹಜ. ಅಲ್ಲ. ಈ ನಾಲ್ವರಲ್ಲಿ ಯಾರಿಗೂ ಯಾರೂ ನೆಂಟರಲ್ಲ. ಜರ್ಮನಿಯಲ್ಲಿ ಇಬ್ಬರು ಮುಲ್ಲರ್‌ಗಳು ಎದುರಾದರೆ "ನೀವು ಯಾವ ಕಡೆಯವರು?" ಎಂದು ಸಂಬಂಧ ಹುಡುಕುವ ಗೋಜಿಗೇ ಹೋಗುವುದಿಲ್ಲ.

ಯಾಕೆಂದರೆ ಅದು ಆ ದೇಶದ ಅತಿ ಸಾಮಾನ್ಯ ಅಡ್ಡಹೆಸರು. ಸ್ವಿಟ್ಜರ್‌ಲೆಂಡಿನಲ್ಲೂ ಅದೇ ಮೊದಲನೆಯದು. ಹೆಸರುಗಳನ್ನು ಅಧ್ಯಯನ ಮಾಡುವ ಜರ್ಮನ್ ವಿದ್ವಾಂಸರು ಎಣಿಕೆಗೆ ಹಿಡಿದ ದಾರಿ ಟೆಲಿಫೋನು: 2005ರ ಲ್ಯಾಂಡ್‌ಲೈನ್ ಪಟ್ಟಿಯನ್ನು ತೆಗೆದುಕೊಂಡು, ಯಾವ ಹೆಸರು ಯಾವ ಜಿಲ್ಲೆಯಲ್ಲಿ ಎಷ್ಟಿದೆ ಎಂದು ನಕ್ಷೆ ಬರೆದರು. ಎಲ್ಲರ ಮನೆಯಲ್ಲೂ ತಂತಿ ಫೋನ್ ಇದ್ದ ಕಾಲದ ಕೊನೆಯ ಚಿತ್ರ ಅದು. ಆ ಬಗೆಯ ಎಣಿಕೆಯಲ್ಲಿ ಮುಲ್ಲರ್ ಹೆಸರಿನ ಸಂಪರ್ಕಗಳು ಎರಡೂವರೆ ಲಕ್ಷ ದಾಟುತ್ತವೆ. ಮನೆಗೆ ಇಷ್ಟು ಜನ ಎಂದು ಲೆಕ್ಕ ಹಿಡಿದರೆ ಸುಮಾರು ಏಳು ಲಕ್ಷ ಮುಲ್ಲರ್‌ಗಳು. ಎಂಟು ಕೋಟಿ ಚಿಲ್ಲರೆ ಜನಸಂಖ್ಯೆಯ ದೇಶದಲ್ಲಿ ನೂರಿಪ್ಪತ್ತು ಜನ ಕೂಡಿದ ಕಡೆ ಒಬ್ಬ ಮುಲ್ಲರ್ ಇರುತ್ತಾನೆ ಅಂತಾಯಿತು.

ಹೆಸರಿನ ಅರ್ಥದಲ್ಲಿ ಗುಟ್ಟೇನೂ ಇಲ್ಲ. ಮುಲ್ಲರ್ ಅಂದರೆ ಹಿಟ್ಟಿನ ಗಿರಣಿಯವನು. ಗುಟ್ಟಿರುವುದು ಸಂಖ್ಯೆಯಲ್ಲಿ. ಮಧ್ಯಯುಗದ ಜರ್ಮನಿಯಲ್ಲಿ ಹತ್ತರಲ್ಲಿ ಎಂಟು ಒಂಬತ್ತು ಜನ ರೈತರು. ಹಾಗಿದ್ದ ಮೇಲೆ ರೈತ ಎಂಬ ಅರ್ಥದ 'ಬೌವರ್' ಮೊದಲ ಸ್ಥಾನದಲ್ಲಿರಬೇಕಿತ್ತು. ಆದರೆ ಅದು ಜರ್ಮನಿಯ ಮೊದಲ ಹತ್ತು ಹೆಸರುಗಳಲ್ಲೂ ಇಲ್ಲ. ಊರಿಗೆ ಒಬ್ಬನೇ ಇದ್ದ ಗಿರಣಿಯವನು ಊರ ತುಂಬ ಇದ್ದ ರೈತನನ್ನು ಹಿಂದೆ ಹಾಕಿದ್ದು ಹೇಗೆ?

ಒಬ್ಬನೇ ಇದ್ದದ್ದರಿಂದಲೇ. ನಲವತ್ತು ಮನೆಯ ಒಂದು ಹಳ್ಳಿ ಅಂದುಕೊಳ್ಳಿ. ಅಲ್ಲಿ ಹಾನ್ಸ್ ಎಂಬ ಹೆಸರಿನವರು ಆರು ಜನ. ಕಂದಾಯದ ಗುಮಾಸ್ತ ಬಂದು ಬರೆದುಕೊಳ್ಳಬೇಕು. ರೈತ ಹಾನ್ಸ್ ಎಂದು ಬರೆದುಕೊಂಡರೆ ಏನೂ ಬರೆದುಕೊಂಡ ಹಾಗಾಗಲಿಲ್ಲ, ಯಾಕೆಂದರೆ ಆರರಲ್ಲಿ ಐದು ಹಾನ್ಸ್‌ಗಳು ರೈತರೇ. ಅವರನ್ನು ಹಳ್ಳದ ಪಕ್ಕದ ಹಾನ್ಸ್, ಗಿಡ್ಡ ಹಾನ್ಸ್, ಪೀಟರನ ಮಗ ಹಾನ್ಸ್ ಎಂದು ಬೇರೆ ಮಾಡಬೇಕು. ಗಿರಣಿಯ ಹಾನ್ಸ್ ಅಂದರೆ ಸಾಕು, ಬೇರೆ ಗುರುತು ಬೇಡ. ಇದೇ ಕೆಲಸ ಪಕ್ಕದೂರಿನಲ್ಲೂ ನಡೆಯಿತು, ಅದರಾಚೆಯ ಊರಿನಲ್ಲೂ ನಡೆಯಿತು. ಪ್ರತಿ ಊರಿನಲ್ಲೂ ಒಬ್ಬನಿಗೆ ಮಾತ್ರ ಹೊಂದುವ ಗುರುತು ಪ್ರತಿ ಊರಿನಲ್ಲೂ ಒಬ್ಬನಿಗೆ ಅಂಟಿತು. ಎಲ್ಲ ಊರುಗಳನ್ನು ಕೂಡಿಸಿ ನೋಡಿದಾಗ ದೇಶದ ತುಂಬ ಗಿರಣಿಯವರೇ ಆದರು. ಎರಡನೇ ಸ್ಥಾನದ ಶ್ಮಿಟ್ ಎಂದರೆ ಕಮ್ಮಾರ, ಅವನೂ ಊರಿಗೊಬ್ಬ. ಮೊದಲ ಹತ್ತರಲ್ಲಿ ಬರುವ ಶ್ನೈಡರ್ (ದರ್ಜಿ), ಫಿಶರ್ (ಮೀನುಗಾರ), ವೇಬರ್ (ನೇಕಾರ), ವಾಗ್ನರ್ (ಬಂಡಿ ಮಾಡುವವನು), ಬೆಕರ್ (ಬ್ರೆಡ್ ಸುಡುವವನು), ಶುಲ್ಟ್ಸ್ (ಊರ ಮುಖಂಡ) ಎಲ್ಲರೂ ಇಂಥ ಗುರುತಿನವರೇ.

ಇಲ್ಲಿ ಒಂದು ತಕರಾರಿದೆ. ಶ್ಮಿಟ್ ಹೆಸರನ್ನು ಜರ್ಮನ್ನರು ನಾಲ್ಕಾರು ಬಗೆಯಲ್ಲಿ ಬರೆಯುತ್ತಾರೆ: ಕೊನೆಗೆ ಡಿ, ಕೊನೆಗೆ ಟಿ, ಎರಡು ಟಿ, ಡಿ-ಟಿ ಜೊತೆಯಾಗಿ. ಇವನ್ನೆಲ್ಲ ಒಂದೇ ಎಂದು ಕೂಡಿಸಿದರೆ ಕಮ್ಮಾರನೇ ಗಿರಣಿಯವನನ್ನು ಮೀರಿಸುತ್ತಾನೆ. ಮೈಯರ್ ಕುಲದ್ದೂ ಅದೇ ಪಾಡು, ಕಾಗುಣಿತ ಹರಿದು ಹಂಚಿಹೋಗಿದೆ. ಮುಲ್ಲರ್‌ನ ಗೆಲುವಿನಲ್ಲಿ ಒಂದು ಪಾಲು ಎಲ್ಲರೂ ಹೆಚ್ಚುಕಡಿಮೆ ಒಂದೇ ಥರ ಬರೆದದ್ದಕ್ಕೆ ಸಲ್ಲಬೇಕು.

ಈಗ ಗಿರಣಿಗೇ ಬರೋಣ. ಪದ ಬಂದ ದಾರಿ ಸ್ವಾರಸ್ಯವಾಗಿದೆ. ಜರ್ಮನ್ ಬುಡಕಟ್ಟುಗಳ ಮನೆಯಲ್ಲಿ ಮೊದಲು ಇದ್ದದ್ದು ಕೈಯಲ್ಲಿ ತಿರುಗಿಸುವ ಬೀಸುವ ಕಲ್ಲು. ಅದಕ್ಕೆ 'ಕ್ವಿರ್ನ್' ಎಂಬ ಸ್ವಂತ ಹೆಸರೇ ಇತ್ತು. ನೀರಿನ ಬಲದಿಂದ ತಿರುಗುವ ದೊಡ್ಡ ಗಿರಣಿಯನ್ನು ತಂದವರು ರೋಮನ್ನರು. ಯಂತ್ರದ ಜೊತೆಗೆ ಅದರ ಹೆಸರೂ ಬಂತು: ಲ್ಯಾಟಿನ್ನಿನಲ್ಲಿ 'ಮೋಲಾ' ಎಂದರೆ ಬೀಸುವ ಕಲ್ಲು, 'ಮೋಲಿನಾ' ಎಂದರೆ ಗಿರಣಿ, 'ಮೋಲಿನಾರಿಯುಸ್' ಎಂದರೆ ಗಿರಣಿ ನಡೆಸುವವನು. ಇದು ಹಳೆಯ ಜರ್ಮನ್ನಿನಲ್ಲಿ 'ಮುಲಿನಾರಿ' ಆಯಿತು, ಮಧ್ಯಯುಗದಲ್ಲಿ ಸವೆದು ಸಣ್ಣದಾಗಿ ಕೊನೆಗೆ ಮುಲ್ಲರ್ ಆಯಿತು. ಮೋಲಿನಾ ಸಮುದ್ರ ದಾಟಿ ಇಂಗ್ಲಿಷಿನಲ್ಲಿ 'ಮಿಲ್' ಆಯಿತು. ಅಂದರೆ ನಾವು "ರಾಗಿ ಬೀಸ್ಕೊಂಡ್ ಬಾ, ಮಿಲ್ ಒಂಬತ್ತಕ್ಕೆ ಮುಚ್ತಾನೆ" ಅನ್ನುವಾಗಲೂ ಫಾದರ್ ಮುಲ್ಲರ್ ಅನ್ನುವಾಗಲೂ ನಾಲಿಗೆಯ ಮೇಲೆ ಓಡಾಡುವುದು ಅದೇ ರೋಮನ್ ಕಲ್ಲು. ಇಟಲಿಯ ಮೋಲಿನಾರಿ, ಫ್ರಾನ್ಸಿನ ಮ್ಯೂನಿಯೆ, ಹಂಗೇರಿಯ ಮೋಲ್ನಾರ್, ಡಚ್ಚರ ಮುಲ್ಡರ್, ರಷ್ಯನ್ನರ ಮೆಲ್ನಿಕೊವ್, ಎಲ್ಲವೂ ಇದೇ ಕಲ್ಲಿನ ಸುತ್ತ ಸುತ್ತುವ ಅಡ್ಡಹೆಸರುಗಳು.

ನಮ್ಮಲ್ಲಿ ಬಡಿಗೇರ, ಕುಂಬಾರ, ಹೂಗಾರ, ಗಾಣಿಗ ಎಲ್ಲ ಇದ್ದಾರೆ. ಹಿಟ್ಟು ಬೀಸುವವನ ಹೆಸರಿನಲ್ಲಿ ಒಂದು ಅಡ್ಡಹೆಸರು ಯಾಕಿಲ್ಲ ಎಂದು ಯೋಚಿಸಿದ್ದೀರಾ? ಎಣ್ಣೆ ತೆಗೆಯಲು ಗಾಣ ಬೇಕು, ಎತ್ತು ಬೇಕು, ಹಾಗಾಗಿ ಅದೊಂದು ಕಸುಬಾಯಿತು. ಹಿಟ್ಟನ್ನು ಮಾತ್ರ ಮನೆಮನೆಯ ಹೆಂಗಸರು ಕೋಳಿ ಕೂಗುವ ಮೊದಲೆದ್ದು, ಹಾಡು ಹೇಳಿಕೊಂಡು, ಗೂಟ ಹಿಡಿದು ತಿರುಗಿಸಿ ಬೀಸಿದರು. ಕೂಲಿಯಿಲ್ಲದ ಕೆಲಸಕ್ಕೆ ಕಸುಬಿನ ಹೆಸರು ಹುಟ್ಟುವುದಿಲ್ಲ. ಜರ್ಮನಿಯಲ್ಲಿ ಕೈಕಲ್ಲಿನ ಕಾಲದಲ್ಲಿ ಮುಲ್ಲರ್ ಇರಲಿಲ್ಲ. ನೀರಿನ ಚಕ್ರ ಬಂದು, ಬೀಸುವುದು ಮನೆಯಿಂದ ಹೊರಬಿದ್ದ ಮೇಲೆಯೇ ಅವನು ಹುಟ್ಟಿದ್ದು.

ಹೊರಬಿದ್ದದ್ದು ತಾನಾಗಿಯೇ ಅಲ್ಲ. ನೀರು, ಹೊಳೆ, ಗಾಳಿಯ ಮೇಲೆಲ್ಲ ಹಕ್ಕು ಹೇಳುತ್ತಿದ್ದವರು ಜಮೀನ್ದಾರರು, ಮಠಗಳು. ಗಿರಣಿ ಕಟ್ಟಿಸಲು ಹಣ ಹಾಕಿದವರೂ ಅವರೇ. ಹಾಕಿದ ಹಣ ವಾಪಸಾಗಬೇಕಲ್ಲ. ಅದಕ್ಕೆ ಒಂದು ಕಟ್ಟಳೆ ಬಂತು: ಇಂತಿಂಥ ಹಳ್ಳಿಯವರು ಇಂಥ ಗಿರಣಿಯಲ್ಲೇ ಬೀಸಿಸಬೇಕು, ಬೇರೆ ಕಡೆ ಹೋದರೆ ದಂಡ. ಕೆಲವು ಕಡೆ ಮನೆಯಲ್ಲಿ ಕೈಕಲ್ಲು ಇಟ್ಟುಕೊಳ್ಳುವುದೂ ತಪ್ಪಾಯಿತು. ಬೀಸಿದ್ದಕ್ಕೆ ಕಾಸು ಕೊಡುವ ಪದ್ಧತಿ ಅಷ್ಟಾಗಿ ಇರಲಿಲ್ಲ, ತಂದ ಕಾಳಿನಲ್ಲೇ ಒಂದು ಪಾಲನ್ನು ಮುಲ್ಲರ್ ತೆಗೆದುಕೊಳ್ಳುತ್ತಿದ್ದ. ನಮ್ಮ ಆಯಗಾರರಿಗೆ ಕಣದಲ್ಲಿ ಆಯ ಕೊಡುತ್ತಿದ್ದ ಹಾಗೆ. ಹಲವು ಕಡೆ ಅದು ಹದಿನಾರರಲ್ಲೊಂದು ಪಾಲು.

ಜಗಳ ಇರುವುದು ಈ ಪಾಲಿನಲ್ಲಿ. ಗಿರಣಿಯ ಒಳಗೆ ಒಂದು ಸಲ ನಿಂತು ನೋಡಿ. ಹೊರಗೆ ಮರದ ಚಕ್ರದ ಮೇಲೆ ನೀರು ಬೀಳುತ್ತಿದೆ. ಒಳಗೆ ಮರದ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡು ತಿರುಗಿ, ಎರಡಾಳೆತ್ತರದ ಅಟ್ಟದ ಮೇಲೆ ಮೇಲ್ಗಲ್ಲನ್ನು ಗರಗರ ಸುತ್ತಿಸುತ್ತಿವೆ. ಕೆಳಗಲ್ಲು ಅಲುಗುವುದಿಲ್ಲ. ಕಲ್ಲಿನ ಮೇಲೆ ಒಂದು ಮರದ ಪೆಟ್ಟಿಗೆ, ಅದರ ಬಾಯಿಗೆ ತಾಗುವ ಕೋಲು ಟಕಟಕ ಎಂದು ಅಲುಗಾಡಿಸುತ್ತಾ ಕಾಳನ್ನು ಸ್ವಲ್ಪಸ್ವಲ್ಪವೇ ಕಲ್ಲಿನ ಕಣ್ಣಿಗೆ ಸುರಿಯುತ್ತದೆ. ಪೆಟ್ಟಿಗೆ ಬರಿದಾದರೆ ಸಣ್ಣ ಗಂಟೆಯೊಂದು ಬಾರಿಸುತ್ತದೆ, ಯಾಕೆಂದರೆ ಕಾಳಿಲ್ಲದೆ ಕಲ್ಲಿಗೆ ಕಲ್ಲು ಉಜ್ಜಿದರೆ ಕಿಡಿ ಹಾರುತ್ತದೆ, ಹಿಟ್ಟಿನ ಧೂಳಿಗೆ ಬೆಂಕಿ ತಾಗಿದರೆ ಗಿರಣಿಯೇ ಸಿಡಿಯುತ್ತದೆ. ಕಲ್ಲಿನ ಗೀರುಗಳು ಸವೆದಾಗ ಮೇಲ್ಗಲ್ಲನ್ನು ಎತ್ತಿ ಮಗುಚಿ, ಉಳಿಯಿಂದ ಹೊಸದಾಗಿ ಗೀರು ಹೊಡೆಯಬೇಕು. ಹಲ್ಲಿನ ಚಕ್ರದ ಲೆಕ್ಕ, ನೀರಿನ ಲೆಕ್ಕ, ಕಲ್ಲಿನ ಲೆಕ್ಕ ಎಲ್ಲ ಗೊತ್ತಿದ್ದ ಮುಲ್ಲರ್ ಆ ಕಾಲದ ಎಂಜಿನಿಯರ್. ಮೂಟೆ ಹೊತ್ತು ಬಂದ ರೈತನಿಗೆ ಮಾತ್ರ ಕಾಣುವುದು ಇಷ್ಟೇ: ಕೊಟ್ಟದ್ದು ಕಾಳು, ಸಿಕ್ಕಿದ್ದು ಹಿಟ್ಟು. ನಡುವೆ ಎಷ್ಟು ಹಾರಿಹೋಯಿತು, ಎಷ್ಟು ಕಲ್ಲಿನ ಸಂದಿಯಲ್ಲಿ ಉಳಿಯಿತು, ಎಷ್ಟು ಮುಲ್ಲರನ ಹಂದಿಗೆ ಹೋಯಿತು, ಯಾರಿಗೆ ಗೊತ್ತು?

ಹಾಗಾಗಿ ಮುಲ್ಲರ್ ಕಳ್ಳ ಎಂಬ ಮಾತು ಜರ್ಮನ್ ಗಾದೆ, ನಗೆಹನಿಗಳ ತುಂಬ ಇದೆ. ಅದು ನಗೆಯಲ್ಲೇ ಮುಗಿಯಲಿಲ್ಲ. ಹಲವು ಪ್ರಾಂತ್ಯಗಳಲ್ಲಿ ಗಿರಣಿಯವರನ್ನು ಮರ್ಯಾದೆಯಿಲ್ಲದ ಕಸುಬಿನವರ ಸಾಲಿಗೆ ಸೇರಿಸಿದ್ದರು. ಅವರ ಮಕ್ಕಳನ್ನು ಬೇರೆ ಕಸುಬಿನ ಸಂಘಗಳಿಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಕೆಲವು ಕಡೆ ಗಲ್ಲು ಹಾಕುವ ದಿನ ಏಣಿ ಒದಗಿಸುವ ಬಾಧ್ಯತೆಯೂ ಇವರ ಮೇಲೇ ಇತ್ತು. ಕೊನೆಗೆ 1548ರಲ್ಲಿ ಸಾಮ್ರಾಜ್ಯದ ಆಜ್ಞೆಯೊಂದು ಹೊರಟು, ನಾರುಬಟ್ಟೆ ನೇಯುವವರು, ಕ್ಷೌರಿಕರು, ಕುರುಬರು, ಸುಂಕದವರ ಜೊತೆಗೆ ಗಿರಣಿಯವರ ಮಕ್ಕಳನ್ನೂ ಸಂಘಗಳಿಂದ ಹೊರಗಿಡಬಾರದು ಎಂದಿತು. ಒಂದೇ ಸಲಕ್ಕೆ ಜನ ಕೇಳಿದರು ಅಂದುಕೊಳ್ಳಬೇಡಿ. ಅಂಥ ಆಜ್ಞೆಯನ್ನು ಮತ್ತೆ ಮತ್ತೆ ಹೊರಡಿಸಬೇಕಾಯಿತು. ಇಂದು ಜರ್ಮನಿಯ ಅತಿ ಸಾಧಾರಣ, ಅತಿ ನಿರಪಾಯ ಅನ್ನಿಸುವ ಹೆಸರು ಒಂದು ಕಾಲದಲ್ಲಿ ಜನ ಕಣ್ಣು ಕಿರಿದು ಮಾಡಿ ನೋಡುತ್ತಿದ್ದವನ ಹೆಸರು.

ಗಿರಣಿಯ ಜಗುಲಿಯಿಂದ ಒಂದು ಕಾನೂನೂ ಹುಟ್ಟಿತು. 13ನೇ ಶತಮಾನದ ಸಾಕ್ಸನಿಯ ಕಾನೂನು ಗ್ರಂಥದಲ್ಲಿ, ಮೊದಲು ಗಿರಣಿಗೆ ಬಂದವನು ಮೊದಲು ಬೀಸಬೇಕು ಎಂಬ ನಿಯಮವಿದೆ. ಜಮೀನ್ದಾರನ ಕಡೆಯವನೆಂದು ಸಾಲು ಮುರಿಯುವಂತಿಲ್ಲ. ಬ್ಯಾಂಕಿನ ಕ್ಯೂನಲ್ಲಿ ನಿಂತ ಜರ್ಮನ್ನನ ಬಾಯಲ್ಲಿ ಇವತ್ತಿಗೂ ಬರುವುದು ಅದೇ ಮಾತು: ಮೊದಲು ಬಂದವನು ಮೊದಲು ಬೀಸುತ್ತಾನೆ. ತಮಾಷೆಯೆಂದರೆ ಜರ್ಮನ್ನಿನಲ್ಲಿ ಬೀಸುವುದು, ಬಣ್ಣ ಬಳಿಯುವುದು ಎರಡಕ್ಕೂ ಉಚ್ಚಾರಣೆ ಒಂದೇ, ಬರೆಯುವಾಗ ಒಂದಕ್ಷರ ವ್ಯತ್ಯಾಸ. ಗಿರಣಿಯನ್ನೇ ಕಾಣದ ಈಗಿನ ಎಷ್ಟೋ ಜನ 'ಮೊದಲು ಬಂದವನು ಮೊದಲು ಬಣ್ಣ ಬಳಿಯುತ್ತಾನೆ' ಎಂದು ಬರೆದುಬಿಡುತ್ತಾರೆ.

ಕಸುಬಿನ ಗುರುತು ಮನೆತನದ ಹೆಸರಾಗಿ ಗಟ್ಟಿಯಾದದ್ದು ನಿಧಾನಕ್ಕೆ. 12ನೇ ಶತಮಾನದ ಸುಮಾರಿಗೆ ದಕ್ಷಿಣ ಮತ್ತು ಪಶ್ಚಿಮದ ಪಟ್ಟಣಗಳಲ್ಲಿ ಶುರುವಾಗಿ, ಹಳ್ಳಿಗಳಿಗೆ, ಆಮೇಲೆ ಉತ್ತರಕ್ಕೆ ಹಬ್ಬಿತು. ಉತ್ತರದ ತುದಿಯ ಪೂರ್ವ ಫ್ರಿಸಿಯಾದಲ್ಲಿ ಅಪ್ಪನ ಹೆಸರನ್ನೇ ಮಕ್ಕಳ ಹೆಸರಿಗೆ ಸೇರಿಸುವ ರೂಢಿ ಎಷ್ಟು ಗಟ್ಟಿಯಾಗಿತ್ತೆಂದರೆ, ಖಾಯಂ ಅಡ್ಡಹೆಸರು ಇಟ್ಟುಕೊಳ್ಳಿ ಎಂದು 1811ರಲ್ಲಿ ನೆಪೋಲಿಯನ್ ಆಡಳಿತ ಆಜ್ಞೆ ಮಾಡಬೇಕಾಯಿತು. ನಮ್ಮ ನಿಘಂಟಿನ ಫರ್ಡಿನಾಂಡ್ ಕಿಟ್ಟೆಲ್ 1832ರಲ್ಲಿ ಹುಟ್ಟಿದ್ದು ಆ ಸೀಮೆಯಲ್ಲೇ. (ಕಿಟ್ಟೆಲ್ ಅಂದರೆ ಕೆಲಸದವರು ಮೇಲೆ ತೊಡುವ ಸಡಿಲ ನಿಲುವಂಗಿ. ಕನ್ನಡದ ಪದಗಳಿಗೆಲ್ಲ ಅರ್ಥ ಹೇಳಿದವರ ಹೆಸರಿನ ಅರ್ಥ ನಮ್ಮಲ್ಲಿ ಹೆಚ್ಚು ಜನ ಕೇಳಿಲ್ಲ.) ಕಾಗುಣಿತ ಕೊನೆಯ ಸಲ ಕೂತದ್ದು 1876ರಲ್ಲಿ, ಜನನ ಮರಣ ಮದುವೆಗಳನ್ನು ಸರ್ಕಾರಿ ಕಚೇರಿಯಲ್ಲೇ ದಾಖಲಿಸಬೇಕು ಎಂಬ ಕಾನೂನು ಇಡೀ ಜರ್ಮನ್ ಸಾಮ್ರಾಜ್ಯಕ್ಕೆ ಬಂದಾಗ. ಅಲ್ಲಿಯತನಕ ಪಾದ್ರಿ ಬರೆದದ್ದೇ ಕಾಗುಣಿತ.

ಹೆಸರು ಗಟ್ಟಿಯಾಯಿತು, ಕಸುಬು ಕಳಚಿಕೊಂಡಿತು. ನಮ್ಮಲ್ಲಿ ಕಸುಬಿಗೆ ಜಾತಿಯ ಬೇಲಿ ಇದ್ದುದರಿಂದ ಹೆಸರೂ ಕೆಲಸವೂ ಬಹುಕಾಲ ಜೊತೆಯಾಗಿಯೇ ನಡೆದವು. ಅಲ್ಲಿ ಮೂರನೇ ತಲೆಮಾರಿಗೇ ದಾರಿ ಬೇರೆಯಾಗಬಹುದಿತ್ತು. ಫ್ರೆಡರಿಕ್ ದೊರೆಯ ಕಾಲದಲ್ಲಿ ಪ್ರಶ್ಯಾ ಎಂಬ ಜರ್ಮನ್ ರಾಜ್ಯದಲ್ಲಿ ಒಂದು ಪ್ರಸಿದ್ಧ ಮೊಕದ್ದಮೆ ನಡೆಯಿತು. ಮೇಲಿನ ಜಮೀನಿನವನು ಮೀನು ಸಾಕಲು ಕೆರೆ ಮಾಡಿ ನೀರು ತಿರುಗಿಸಿದ, ಗಿರಣಿಗೆ ನೀರು ಸಾಲದಾಯಿತು, ಗೇಣಿ ಕಟ್ಟಲಾಗಲಿಲ್ಲ ಎಂದು ಗಿರಣಿಯವನೊಬ್ಬ ದೂರಿತ್ತ. ಕೋರ್ಟು ಅವನ ವಿರುದ್ಧ ತೀರ್ಪು ಕೊಟ್ಟಿತು, ಸಿಟ್ಟಿಗೆದ್ದ ದೊರೆ 1779ರಲ್ಲಿ ನ್ಯಾಯಾಧೀಶರನ್ನೇ ಜೈಲಿಗೆ ಹಾಕಿಸಿದ. ದೊರೆ ನ್ಯಾಯಾಲಯದಲ್ಲಿ ಕೈಹಾಕಬಹುದೇ ಎಂಬ ಚರ್ಚೆಗೆ ಜರ್ಮನ್ ಕಾನೂನು ವಿದ್ಯಾರ್ಥಿಗಳು ಇಂದಿಗೂ ಇದನ್ನೇ ಉದಾಹರಿಸುತ್ತಾರೆ. ನಮಗೆ ಬೇಕಾದ ವಿಷಯ ಬೇರೆ. ಆ ಗಿರಣಿಯವನ ಹೆಸರು ಮುಲ್ಲರ್ ಅಲ್ಲ, ಕ್ರಿಸ್ಟಿಯಾನ್ ಆರ್ನಾಲ್ಡ್.

ಇನ್ನು ಉಚ್ಚಾರಣೆ. ಕಂಡಕ್ಟರ್ ಕೂಗುವ ಹಾಗೆ ಯಾವ ಜರ್ಮನ್ನನೂ ಮುಲ್ಲರ್ ಅನ್ನುವುದಿಲ್ಲ. ಹೆಸರಿನ ಎರಡನೇ ಅಕ್ಷರ ರೋಮನ್ ಲಿಪಿಯ ಯು, ಅದರ ತಲೆಯ ಮೇಲೆ ಎರಡು ಚುಕ್ಕಿ. ಆ ಸ್ವರ ಕನ್ನಡದಲ್ಲಿ ಇಲ್ಲ. ತುಟಿಯನ್ನು 'ಉ' ಎನ್ನಲು ಮುಂದೆ ಮಾಡಿ, ಹಾಗೇ ಹಿಡಿದುಕೊಂಡು 'ಇ' ಅನ್ನಿ, ಹತ್ತಿರ ಬರುತ್ತೀರಿ. ಹಳೆಯ 'ಮುಲಿನಾರಿ'ಯಲ್ಲಿ 'ಮು' ಮುಂದೆ 'ಲಿ' ಇತ್ತಲ್ಲ, ಅದರ 'ಇ' ಸ್ವರ ಹಿಂದಿನ 'ಉ'ವನ್ನು ತನ್ನ ಕಡೆಗೆ ಎಳೆದುಕೊಂಡದ್ದರ ಗುರುತು ಇದು. ಎಳೆದ 'ಇ' ಆಮೇಲೆ ಸವೆದುಹೋಯಿತು, ಎಳೆತ ಮಾತ್ರ ಉಳಿಯಿತು. ಇನ್ನು ಎರಡು 'ಎಲ್' ಇರುವುದು ಒತ್ತಿ ಹೇಳಲು ಅಲ್ಲ, ಹಿಂದಿನ ಸ್ವರ ಹ್ರಸ್ವ ಎಂದು ತೋರಿಸಲು. ನಾವು ಕಂಡದ್ದನ್ನು ಕಂಡ ಹಾಗೆ ಓದುವವರು, 'ಲ್ಲ' ಅಂದೆವು. ಕೊನೆಯ 'ರ್' ಅಂತೂ ಜರ್ಮನ್ನರ ಬಾಯಲ್ಲಿ ಕರಗಿ 'ಅ' ಆಗಿಬಿಡುತ್ತದೆ. ಹಾಗಾಗಿ ಮುಲ್ಲರ್, ಮ್ಯೂಲರ್, ಮುಲ್ಲೆರ್ ಎಂದು ನಾವು ಬರೆಯುವ ಯಾವುದೂ ಸರಿಯಲ್ಲ, ಯಾವುದೂ ದೊಡ್ಡ ತಪ್ಪೂ ಅಲ್ಲ.

ಆ ಎರಡು ಚುಕ್ಕಿಗಳು ಮುಂಚೆ ಚುಕ್ಕಿಗಳಾಗಿರಲಿಲ್ಲ. ಬರಹಗಾರರು ಯು ಮೇಲೆ ರೋಮನ್ ಲಿಪಿಯ ಒಂದು ಪುಟ್ಟ ಇ (e) ಅಕ್ಷರ ಬರೆಯುತ್ತಿದ್ದರು, ಅದು ಕೈಬರಹದಲ್ಲಿ ಸವೆದು ಎರಡು ಗೀಟು, ಎರಡು ಚುಕ್ಕಿ ಆಯಿತು. ಚುಕ್ಕಿ ಇಲ್ಲದ ಟೈಪ್‌ರೈಟರಿನಲ್ಲಿ ಆ ಇ ಕೆಳಗಿಳಿದು ಯು ಪಕ್ಕದಲ್ಲಿ ಕೂರುತ್ತದೆ. ನಮ್ಮಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನದ ಬೋರ್ಡಿನಲ್ಲಿ ಒಂದು ಅಕ್ಷರ ಹೆಚ್ಚಿಗೆ ಕಾಣುವುದು ಅದಕ್ಕೇ. ಜರ್ಮನ್ ಪಾಸ್‌ಪೋರ್ಟ್ ತೆರೆದರೆ ಒಂದೇ ಪುಟದಲ್ಲಿ ಒಬ್ಬನೇ ಮನುಷ್ಯನ ಹೆಸರು ಎರಡು ಥರ: ಮೇಲೆ ಚುಕ್ಕಿಯ ಮುಲ್ಲರ್, ಕೆಳಗೆ ಯಂತ್ರ ಓದುವ ಸಾಲಿನಲ್ಲಿ ಇ ಸೇರಿದ ಮುಲ್ಲರ್.

ಜರ್ಮನಿಯ ಒಳಗೇ ಸೀಮೆಗೊಂದು ರೂಪ. ಉತ್ತರದ ತಗ್ಗುನಾಡಿನ ಆಡುಮಾತಿನಲ್ಲಿ ಗಿರಣಿಗೆ 'ಮೋಲೆ' ಅನ್ನುತ್ತಿದ್ದರು, ಹಾಗಾಗಿ ಅಲ್ಲಿನವರು ಮೋಲರ್. ಬವೇರಿಯಾ ಕಡೆ ತುಟಿ ದುಂಡಗೆ ಮಾಡುವ ಶ್ರಮ ಬಿಟ್ಟು ಮಿಲ್ಲರ್ ಅಂದರು. ಮ್ಯೂನಿಕ್‌ನ ಪ್ರಖ್ಯಾತ ತಂತ್ರಜ್ಞಾನ ವಸ್ತುಸಂಗ್ರಹಾಲಯವನ್ನು 1903ರಲ್ಲಿ ಸ್ಥಾಪಿಸಿದ ಆಸ್ಕರ್ ಫಾನ್ ಮಿಲ್ಲರ್ ಇಂಗ್ಲಿಷರವನಲ್ಲ, ಅಪ್ಪಟ ಬವೇರಿಯಾದವನು. ಆತ ಜೀವನವಿಡೀ ಮಾಡಿದ್ದು ನೀರಿನಿಂದ ವಿದ್ಯುತ್ ತೆಗೆಯುವ ಕೆಲಸ. ಹೆಸರಿಗೆ ತಕ್ಕ ಕಸುಬು ಇಷ್ಟು ತಡವಾಗಿ ವಾಪಸಾದದ್ದು ಕಾಕತಾಳೀಯವೇ ಇರಬೇಕು. ಇನ್ನು 16ನೇ ಶತಮಾನದ ಪಂಡಿತರಿಗೆ ಹಿಟ್ಟು ಮೆತ್ತಿದ ಹೆಸರು ಇಷ್ಟವಾಗಲಿಲ್ಲ. ಅವರು ಅದನ್ನು ಲ್ಯಾಟಿನ್ನಿಗೆ ತಿರುಗಿಸಿ ಮೋಲಿಟೋರ್ ಎಂದಿಟ್ಟುಕೊಂಡರು.

ಹೊರದೇಶಕ್ಕೆ ಹೋದ ಮುಲ್ಲರ್‌ಗಳು ಹೆಚ್ಚು ಕಷ್ಟಪಡಲಿಲ್ಲ. ಅಮೆರಿಕದಲ್ಲಿ ಮಿಲ್ಲರ್ ಸಿದ್ಧವಾಗಿಯೇ ಇತ್ತು, ಅರ್ಥವೂ ಅದೇ. ಎರಡು ಚುಕ್ಕಿ ಕೊಡವಿಕೊಂಡು ಒಳಗೆ ಸೇರಿಕೊಂಡರು. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನ್ ಹೆಸರು ಇಟ್ಟುಕೊಳ್ಳುವುದೇ ಕಷ್ಟವಾದಾಗ ಇನ್ನಷ್ಟು ಜನ ಸೇರಿದರು. 2010ರ ಅಮೆರಿಕನ್ ಜನಗಣತಿಯಲ್ಲಿ ಮಿಲ್ಲರ್ 7ನೇ ಅತಿ ಸಾಮಾನ್ಯ ಹೆಸರು, 11 ಲಕ್ಷಕ್ಕೂ ಹೆಚ್ಚು ಜನ. ಇಂಗ್ಲೆಂಡಿನಲ್ಲಿ ಅದಕ್ಕೆ ಅಷ್ಟು ಎತ್ತರದ ಸ್ಥಾನವಿಲ್ಲ. ವ್ಯತ್ಯಾಸದ ದೊಡ್ಡ ಪಾಲು ವೇಷ ಬದಲಿಸಿದ ಮುಲ್ಲರ್‌ಗಳದ್ದು.

ಊರಲ್ಲೇ ಉಳಿದವರ ಕಷ್ಟವೇ ದೊಡ್ಡದು. ಗುರುತು ಹಿಡಿಯಲೆಂದು ಹುಟ್ಟಿದ ಹೆಸರು ಗುರುತೇ ಸಿಗದ ಹೆಸರಾಗಿತ್ತು. ಜರ್ಮನ್ನರು ಸೀನ, ನಾಣಿ, ಗುಂಡ ಎನ್ನುವ ಧಾಟಿಯಲ್ಲಿ ಮುಲ್ಲರ್, ಮೈಯರ್, ಶುಲ್ಟ್ಸೆ ಅನ್ನುತ್ತಾರೆ. 'ಲೀಸ್ಶೆನ್ ಮುಲ್ಲರ್' ಎಂದರೆ ತೀರ ಸಾಮಾನ್ಯ ಹೆಂಗಸು. ಆದ್ದರಿಂದ ಮುಲ್ಲರ್‌ಗಳ ಚರಿತ್ರೆ ಅಂದರೆ ಹೆಸರಿಗೆ ಇನ್ನೊಂದು ಹಿಡಿ ಹುಡುಕಿಕೊಂಡವರ ಚರಿತ್ರೆ. ಹಳ್ಳಿಗಳಲ್ಲೇ ಅದು ಶುರುವಾಗಿತ್ತು. ಮೇಲಿನ ಗಿರಣಿಯವನು ಓಬರ್‌ಮುಲ್ಲರ್, ಕೆಳಗಿನವನು ನೀಡರ್‌ಮುಲ್ಲರ್, ಹೊಸ ಗಿರಣಿಯವನು ನೊಯ್‌ಮುಲ್ಲರ್, ಚರ್ಮ ಹದಮಾಡುವ ತೊಗಟೆ ಅರೆಯುವವನು ಲೋಮುಲ್ಲರ್, ಕೋವಿಮದ್ದು ಅರೆಯುವವನು ಪುಲ್ವರ್‌ಮುಲ್ಲರ್. 1507ರ ಭೂಪಟದಲ್ಲಿ ಹೊಸ ಖಂಡದ ಮೇಲೆ 'ಅಮೆರಿಕ' ಎಂದು ಮೊದಲು ಬರೆದವನು ಇಂಥ ಒಬ್ಬ ಉದ್ದ ಹೆಸರಿನ ಮುಲ್ಲರ್, ಮಾರ್ಟಿನ್ ವಾಲ್ಡ್‌ಸೇಮುಲ್ಲರ್.

ಅವನಿಗಿಂತ ಹಿಂದೆ, 15ನೇ ಶತಮಾನದ ದೊಡ್ಡ ಖಗೋಳ ವಿದ್ವಾಂಸ ಯೊಹಾನೆಸ್ ಮುಲ್ಲರ್ ಇದ್ದ. ಯಾರು ಎನ್ನುತ್ತೀರಿ. ಚರಿತ್ರೆಗೆ ಅವನು ಗೊತ್ತಿರುವುದು ರೆಜಿಯೊಮೊಂಟಾನುಸ್ ಎಂದು, ಹುಟ್ಟೂರು ಕ್ಯೋನಿಗ್ಸ್‌ಬೆರ್ಗಿನ ಲ್ಯಾಟಿನ್ ರೂಪದಿಂದ. ಜರ್ಮನ್ ಸಂಸತ್ತಿನ ನಡಾವಳಿಯಲ್ಲಿ ಒಂದೇ ಅಡ್ಡಹೆಸರಿನ ಸದಸ್ಯರಿದ್ದರೆ ಪಕ್ಕದಲ್ಲಿ ಕಂಸ ಹಾಕಿ ಊರ ಹೆಸರು ಸೇರಿಸುತ್ತಾರೆ, ಇದೂ ಅದೇ ಉಪಾಯ.

ಮ್ಯಾಕ್ಸ್ ಮುಲ್ಲರ್ ಮನೆಯಲ್ಲಿ ಈ ಪರದಾಟ ಎರಡು ತಲೆಮಾರು ನಡೆಯಿತು. ತಂದೆ ವಿಲ್‌ಹೆಲ್ಮ್ ಮುಲ್ಲರ್ ಡೆಸಾವು ಊರಿನ ಕವಿ. ಗ್ರೀಕರ ಸ್ವಾತಂತ್ರ್ಯ ಹೋರಾಟದ ಬಗ್ಗೆ ಹಾಡು ಕಟ್ಟಿದ್ದರಿಂದ ಜನ ಅವನನ್ನು 'ಗ್ರೀಕ್ ಮುಲ್ಲರ್' ಎಂದು ಬೇರೆ ಮಾಡಿ ಕರೆದರು. ಗಿರಣಿಯವನ ಮಗಳನ್ನು ಪ್ರೀತಿಸಿ ಸೋತು ತೊರೆಗೆ ಬೀಳುವ ಗಿರಣಿಯಾಳಿನ ಕಥೆಯನ್ನು ಕವನಮಾಲೆಯಾಗಿ ಬರೆದವನೂ ಈತನೇ, ಅದಕ್ಕೆ ರಾಗ ಹಾಕಿದವನು ಶೂಬರ್ಟ್. ಹೆಸರು ಮುಲ್ಲರ್, ಬರೆದದ್ದು ಗಿರಣಿಯ ಬಗ್ಗೆ, ಆದರೆ ಅವನ ಅಪ್ಪನಿಗೆ ಗಿರಣಿಯಿರಲಿಲ್ಲ. ಮಗ ಫ್ರೀಡ್ರಿಕ್ ಮ್ಯಾಕ್ಸ್ 1823ರಲ್ಲಿ ಹುಟ್ಟಿ, ಇಂಗ್ಲೆಂಡಿಗೆ ಹೋಗಿ ಆಕ್ಸ್‌ಫರ್ಡ್ ಸೇರಿದ. ಬರಿಯ ಮುಲ್ಲರ್ ತೀರ ಸಾಮಾನ್ಯ ಹೆಸರು ಅನ್ನಿಸಿ ಮ್ಯಾಕ್ಸ್ ಎಂಬುದನ್ನೂ ಅಡ್ಡಹೆಸರಿನ ಭಾಗವೇ ಮಾಡಿಕೊಂಡ. ನಾವು ಅವರನ್ನು ಯಾವತ್ತೂ ಮ್ಯಾಕ್ಸ್ ಮುಲ್ಲರ್ ಎಂದು ಒಂದೇ ಉಸಿರಿಗೆ ಹೇಳುತ್ತೇವೆ, ಬಿಡಿಸಿ ಹೇಳುವುದಿಲ್ಲ. ಅವರ ಉಪಾಯ ಫಲಿಸಿತು ಅನ್ನಬೇಕು. 1849ರಿಂದ 1874ರ ತನಕ ಆರು ಸಂಪುಟಗಳಲ್ಲಿ ಬಂದ ಋಗ್ವೇದದ ಸಂಸ್ಕೃತ ಮುಖಪುಟದಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಲ್ಲಿ ಜರ್ಮನಿ 'ಶಾರ್ಮಣ್ಯದೇಶ', ಆಕ್ಸ್‌ಫರ್ಡ್ 'ಗೋತೀರ್ಥ', ತಾನು 'ಮೋಕ್ಷಮೂಲರ'. ಹದಿನಾರರಲ್ಲೊಂದು ಪಾಲಿಗೆ ಜಗಳವಾಡುತ್ತಿದ್ದ ಗಿರಣಿಯವನು ಮೋಕ್ಷದ ಮೂಲವಾದ!

ಎಲ್ಲರಿಗೂ ಸಂಸ್ಕೃತದ ಆಸರೆ ಸಿಗುವುದಿಲ್ಲವಲ್ಲ. ಜರ್ಮನಿಯಲ್ಲಿ ಅಡ್ಡಹೆಸರು ಬದಲಿಸುವುದು ನಮ್ಮ ಹಾಗೆ ಅಫಿಡವಿಟ್ ಮಾಡಿಸಿ, ಪೇಪರಿನಲ್ಲಿ ಪ್ರಕಟಣೆ ಕೊಟ್ಟು ಮುಗಿಯುವ ಕೆಲಸವಲ್ಲ. ಬಲವಾದ ಕಾರಣ ತೋರಿಸಬೇಕು, ಹೆಸರು ಹಿಡಿಸಲಿಲ್ಲ ಎನ್ನುವುದು ಕಾರಣವಲ್ಲ. ಆದರೆ ಅಧಿಕಾರಿಗಳ ಕೈಪಿಡಿಯಲ್ಲಿ 'ಸಾಮೂಹಿಕ ಹೆಸರು' ಎಂಬ ಒಂದು ವರ್ಗವಿದೆ: ದೇಶದಲ್ಲಿ ಎಷ್ಟು ಜನಕ್ಕೆ ಇದೆಯೆಂದರೆ ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡುವ ಶಕ್ತಿಯನ್ನೇ ಕಳೆದುಕೊಂಡ ಹೆಸರು. ಅಂಥ ಹೆಸರಿದ್ದರೆ ಬದಲಾವಣೆ ಕೇಳಬಹುದು. ಮುಲ್ಲರ್ ಅದರಲ್ಲಿ ಬರುತ್ತದೆ. 2025ರ ಮೇ ತಿಂಗಳಿಂದ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಜೋಡಿಸಿ ಇಡೀ ಕುಟುಂಬಕ್ಕೆ ಇಟ್ಟುಕೊಳ್ಳಲು ಕಾನೂನು ಬಿಟ್ಟಿದೆ, ಮುಲ್ಲರ್‌ಗಳಿಗೆ ಅದೊಂದು ಹೊಸ ಕಿಂಡಿ.

ಅಸಲಿ ಗಿರಣಿಗಳು ಈಗ ಜರ್ಮನಿಯಲ್ಲಿ ಕೆಲವೇ ನೂರು ಉಳಿದಿವೆ. ಹಳೆಯ ನೀರುಗಿರಣಿಗಳು ಹೋಟೆಲ್ ಆಗಿವೆ, ಮನೆಗಳಾಗಿವೆ. ವರ್ಷಕ್ಕೊಂದು ಸೋಮವಾರ ಗಿರಣಿ ದಿನ ಎಂದು ಬಾಗಿಲು ತೆರೆದು ಚಕ್ರ ತಿರುಗಿಸಿ ತೋರಿಸುತ್ತಾರೆ. ಈ ಕಸುಬು ಕಲಿಯಹೊರಟವನ ಸರ್ಟಿಫಿಕೇಟಿನಲ್ಲೂ ಮುಲ್ಲರ್ ಎಂಬ ಪದವಿಲ್ಲ, 'ಗಿರಣಿ ಮತ್ತು ಧಾನ್ಯೋದ್ಯಮದ ಪ್ರಕ್ರಿಯಾ ತಂತ್ರಜ್ಞ' ಎಂಬ ಅರ್ಥದ ಒಂದು ಮಾರುದ್ದದ ಹೆಸರಿದೆ.

ಮೊನ್ನೆ ಕಂಕನಾಡಿ ಕಡೆಯ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಜ್ಜಿಯೊಬ್ಬರು ಚೀಟಿ ಹಿಡಿದು ಕಂಡಕ್ಟರನನ್ನು ಕೇಳಿದರು, "ಮಗಾ, ಮುಲ್ಲರ್ ಬಂದಾಗ ಹೇಳ್ತೀಯಾ?" ಯಾವ ಮುಲ್ಲರ್ ಎಂದು ಅವನು ಕೇಳಲಿಲ್ಲ.